ಹಕ್ಕಳೆ

ನನ್ನ ಎಡಗೈ ಈವರೆಗೆ ಹನ್ನೊಂದು ಸಲ ಸುಟ್ಟಿದೆ,
ನಾಲ್ಕು ಸಲ ಮುರಿದು ಎಲುಬು ಹೊರಗೆ ಇಣುಕಿದೆ,
ಒಮ್ಮೆ, ಈಸ್ಟರ್ ಹಿಂದಿನ ರಾತ್ರಿ, ನಾಯಿ ಕಚ್ಚಿತ್ತು.
ಯಾವ ಜಾತಿಯ ನಾಯಿ ಎಂಬುದನ್ನು ಸ್ಕೈದ್ರೀತೆ
ಹಲ್ಲಿನ ಅಂತರ ಅಳೆದು ಮೊದಲೇ ತೀರ್ಮಾನಿಸಿದ್ದಳು.

ಹಗಲು ಅವಳು ರೀಗಾದ ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲು ತೂಗುತ್ತಾಳೆ.
ಸಂಜೆ ಊಟದ ತಟ್ಟೆ ಎತ್ತಿದ್ದೇ ತಡ
ಮೇಜಿಗೆ ಹಳೆಯ ಪತ್ರಿಕೆ, ಪತ್ರಿಕೆಯ ಮೇಲೆ ನನ್ನ ಮೊಣಕೈ.
ಜೆಲಟಿನ್ ಬಿಸಿನೀರಲ್ಲಿ ಕರಗುತ್ತದೆ,
ಮೇಣ ಅವಳ ಹೆಬ್ಬೆರಳಿನ ಕಾವಿಗೆ ಮಣಿಯುತ್ತದೆ.
ರಕ್ತಕ್ಕೆ ಸಕ್ಕರೆ ಪಾಕ, ಕೆಂಪು ಬಣ್ಣ, ಚಿಟಿಕೆ ಕಾಫಿಪುಡಿ.
"ಬರೀ ಕೆಂಪಾದರೆ ಅದು ಜಾಮು, ವಾಲ್ಡಿಸ್.
ರಕ್ತಕ್ಕೆ ಒಂಚೂರು ಬೇಸರ ಬೆರೆಸಬೇಕು."
ಹಕ್ಕಳೆಗೆ ಕಪ್ಪು ರೈ ಬ್ರೆಡ್ಡಿನ ಪುಡಿ;
ಅಂಗಡಿಯದು ನಡೆಯದು, ಅವಳಕ್ಕ ಬೇಯಿಸಿದ್ದೇ ಆಗಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ.
ನಮ್ಮ ಮನೆಯಲ್ಲಿ ಬೇಕು: ಎರಡು ಕನ್ನಡಿ, ಒಂದು ಮೇಜಿನ ದೀಪ,
ಮತ್ತು ಉಸಿರು ಬಿಗಿಹಿಡಿದ ಗಂಡ.

ದುಡ್ಡೇನೂ ಹುಟ್ಟುವುದಿಲ್ಲ. ವರ್ಷಕ್ಕೊಮ್ಮೆ
ಬಡಾವಣೆಯ ನಾಟಕ ತಂಡಕ್ಕೆ ಮೂರು ಮುದುಕರನ್ನು ಮಾಡಿಕೊಡುತ್ತಾಳೆ;
ಎರಡು ಪುಕ್ಕಟೆ ಟಿಕೆಟು, ಒಂದು ಬಾಟಲಿ ಬರ್ಚ್ ಮರದ ರಸ ಸಿಗುತ್ತದೆ.
ಒಂದು ಶನಿವಾರ ಸೌಂದರ್ಯದ ಪಾಠವೆಂದು
ನನ್ನ ಅರ್ಧ ಮುಖವನ್ನು ಮದುಮಗಳು ಮಾಡಿದಳು.
ಮೀಸೆ ಕೊಡಲಾರೆ ಎಂದೆ. ಮೀಸೆಯ ಕೆಳಗೇ ಹವಳದ ತುಟಿ ಅರಳಿತು.
ಆ ಬಲಗಣ್ಣು ತೊಳೆಯಲು ಮನಸ್ಸಾಗದೆ
ನಡುರಾತ್ರಿಯವರೆಗೆ ಎದ್ದಿದ್ದೆ.
ಇದನ್ನು ಡಿಪೋದಲ್ಲಿ ಹೇಳಿಲ್ಲ.

ಜೂನ್‌ನಲ್ಲಿ ನಡೆದದ್ದು ಹೀಗೆ.
ರಾತ್ರಿಯ ಸೀಳುಗಾಯವನ್ನು ಬೆಳಗಿನ ಬೆಳಕಲ್ಲಿ ನೋಡಬೇಕೆಂದು
ಹಾಗೇ ಇರಿಸಿದ್ದಳು. ನಾನು ಎದ್ದದ್ದೇ ತಡವಾಗಿ.
ಅರ್ಧ ತೋಳಿನ ಅಂಗಿ ತೊಟ್ಟು ಓಡಿದೆ, ಟ್ರಾಮ್ ಹೊರಡಿಸಿದೆ.
ಮಾರುಕಟ್ಟೆಯ ನಿಲ್ದಾಣದಲ್ಲಿ ಹೊಗೆಮೀನಿನ ಚೀಲ ಹಿಡಿದ ಮುದುಕಿ
ಏನೋ ಕೇಳಲು ನನ್ನ ಕಡೆ ಬಾಗಿದವಳು ಕೈ ನೋಡಿದಳು.
"ದೇವರೇ" ಎನ್ನಲಿಲ್ಲ. "ಅಲುಗಬೇಡ" ಎಂದಳು.
ತಲೆವಸ್ತ್ರ ಬಿಚ್ಚಿದಳು, ನೀಲಿ, ಅಂಚಿಗೆ ಗೋಧಿತೆನೆ;
ಎರಡು ಸುತ್ತು, ಒಂದು ಗಂಟು, ಹಲ್ಲಲ್ಲಿ ಕಚ್ಚಿ ಎಳೆದು ಇನ್ನೊಂದು.
ಟ್ರಾಮಿನ ತುಂಬ ಜನ. ಒಬ್ಬರೂ ಗೊಣಗಲಿಲ್ಲ.
ನಾನು ಬಾಯಿ ತೆರೆದೆ. ಅದು ಮೇಣ ಅನ್ನುವ ಮಾತು
ಅವಳ ಬಿಳಿಯ ಬರಿತಲೆ ಕಂಡು ಗಂಟಲಲ್ಲೇ ಕೂತಿತು.

ಸ್ಕೈದ್ರೀತೆ ಮೊದಲು ನಕ್ಕಳು, ಕಣ್ಣೀರು ಬರುವಷ್ಟು.
ಆಮೇಲೆ ವಸ್ತ್ರವನ್ನು ತಣ್ಣೀರಲ್ಲಿ ನೆನೆಸಿ,
ಪಾಕದ ಕಲೆ ಬಿಡುವವರೆಗೆ ಉಜ್ಜಿ, ಇಸ್ತ್ರಿ ಹಾಕಿ,
"ಇದನ್ನು ಬರಿಗೈಯಲ್ಲಿ ಹೇಗೆ ಹಿಂದಿರುಗಿಸುತ್ತೀಯಾ?" ಎಂದಳು.

ಮುದುಕಿ ಯಾವತ್ತು ಹತ್ತುತ್ತಾಳೋ. ದಿನಾ ಐದಕ್ಕೆ ಅಲಾರಂ.
ಚರ್ಮವನ್ನು ಹಿಂಡಿ ಸುಕ್ಕಿಸುವ ದ್ರವ, ಎರಡು ಲೇಪ.
ಮೊದಲ ವಾರಗಳಲ್ಲಿ ನೇರಳೆ, ಜುಲೈಗೆ ಗುಲಾಬಿ,
ಆಗಸ್ಟ್ ಮುಗಿಯುವಾಗ ಮೀನಿನ ಹೊಟ್ಟೆಯ ಬಿಳುಪು.
ಟಿಪ್ಪಣಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಳು:
ಗಾಯ, ಒಂದು ಸಂಜೆ.
ವಾಸಿ, ಹದಿಮೂರು ವಾರ.

ಸೆಪ್ಟೆಂಬರಿನಲ್ಲಿ ಹತ್ತಿದಳು. ವಸ್ತ್ರ ಕೊಟ್ಟೆ.
ಅದನ್ನವಳು ನೋಡಲೇ ಇಲ್ಲ; ನನ್ನ ತೋಳು ಹಿಡಿದು
ಕಲೆಯುದ್ದಕ್ಕೂ ಹೆಬ್ಬೆರಳು ಎಳೆದಳು,
ಅಂಚು ಎದ್ದಿದೆಯೇ ಎಂದು ಸ್ಕೈದ್ರೀತೆ ಎಳೆಯುವ ಹಾಗೆಯೇ.
"ಚೆನ್ನಾಗಿ ಕೂಡಿದೆ. ಚಳಿಗೆ ಸ್ವಲ್ಪ ಸೆಳೆಯುತ್ತದೆ, ಹೆದರಬೇಡ."

ಈಗ ಜನವರಿ. ನದಿ ಹೆಪ್ಪುಗಟ್ಟಿದೆ.
ಆ ಕಲೆ ತೊಳೆದು ನಾಲ್ಕು ತಿಂಗಳಾಯಿತು.
ಬೆಳಿಗ್ಗೆ ಟ್ರಾಮಿನ ಹಿಡಿಕೆ ತಿರುಗಿಸುವಾಗ
ಅದೇ ಜಾಗ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ,
ಸೆಳೆಯುತ್ತದೆ.
ಹೆಂಡತಿಗೆ ಹೇಳಿದೆ. ಟಿಪ್ಪಣಿ ಪುಸ್ತಕ ತಂದು,
ಎಲ್ಲಿ, ತೋರಿಸು, ಎಂದು ಕನ್ನಡಕ ಹಾಕಿಕೊಂಡಳು.